ಕಾಲೇಜಿನ ಹುಡುಗಿ ಡಬ್ಬಿ ತಂದಳು

ಮಗಳು ಎಸ್.ಎಸ್.ಸಿ. ಪಾಸಾದಳು. ಮುಂದೇನು?

ಈ ಪ್ರಶ್ನೆ ಬಾರದ ಚಾಳು, ಅಂದರೆ ಕಾರ್ಮಿಕರ ವಠಾರ, ನಮ್ಮ ಭಾಂಡುಪಿನಲ್ಲಿ ಒಂದಾದರೂ ಇದೆಯೇ? ಫಲಿತಾಂಶ ಬಂದ ದಿನ ಪೇಢೆ ಹಂಚುತ್ತೇವೆ. ಮರುದಿನ ಅದೇ ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಕಾಲೇಜಿನ ಫೀ, ಲೋಕಲ್ ಪಾಸು, ಪುಸ್ತಕ, ಎಲ್ಲದಕ್ಕೂ ಅಪ್ಪನ ಪಗಾರ ಒಂದೇ. ಮಗನಾದರೆ ಹೇಗೋ ಮಾಡೋಣ ಎನ್ನುತ್ತಾರೆ. ಮಗಳಾದರೆ ಊರಿಗೆ ಕಾಗದ ಹಾಕುತ್ತಾರೆ, ಎಲ್ಲಾದರೂ ಒಂದು ಗಂಡು ನೋಡಿ ಎಂದು.

೧೯೭೧ರಲ್ಲಿ ನಮ್ಮ ಚಾಳಿನ ಭೀಮರಾಯನ ಮನೆಯಲ್ಲೂ ಹೀಗೇ ಆಯಿತು. ಭೀಮರಾಯ ಇಂಡಿ ಕಡೆಯವನು. ಆಗ್ರಾ ರೋಡಿನ ಬಣ್ಣದ ಕಾರ್ಖಾನೆಯಲ್ಲಿ ಡ್ರಮ್ಮು ಎತ್ತುವ ಕೆಲಸ. ಹೆಂಡತಿ ಲಕ್ಷ್ಮವ್ವ, ಮೂವರು ಮಕ್ಕಳು. ಹಿರಿಯವಳು ಗುರುಬಾಯಿ, ಹದಿನೆಂಟು ವರ್ಷ. ಕನ್ನಡ ಶಾಲೆಯಲ್ಲಿ ಓದಿ ಒಳ್ಳೆಯ ಮಾರ್ಕು ತೆಗೆದಿದ್ದಳು. ಅವಳಿಗೆ ಮುಲುಂಡಿನ ಬೆಳಗಿನ ಕಾಲೇಜಿಗೆ ಹೋಗುವ ಆಸೆ. ಒಂದೇ ಸ್ಟೇಷನ್ ದೂರ.

"ನನ್ನ ಕೈಲಿ ಆಗೂದಿಲ್ಲವಾ," ಎಂದ ಭೀಮರಾಯ. ಸಿಟ್ಟಿನಿಂದಲ್ಲ, ಸೋತು ಹೇಳಿದ. "ಇಷ್ಟ ಕಲಸಿದ್ದ ಭಾಳ ಆತು."

ಚಾಳಿನ ತುದಿಯ ಎರಡು ಖೋಲಿಗಳಲ್ಲಿ ಭಾಗವ್ವನ ಖಾನಾವಳಿ ಇತ್ತು. ಮನೆಮಂದಿಯನ್ನು ಊರಲ್ಲಿ ಬಿಟ್ಟು ಬಂದ ಗಂಡಸರೆಲ್ಲ ಅವಳ ರೊಟ್ಟಿ, ಝುಣಕ, ಕಾಳಪಲ್ಯದ ಮೇಲೆ ಬದುಕಿದ್ದವರು. ಮಧ್ಯಾಹ್ನದ ಊಟವನ್ನು ಡಬ್ಬಿಗಳಲ್ಲಿ ಕಟ್ಟಿ ಅದೇ ಬಣ್ಣದ ಕಾರ್ಖಾನೆಯ ಗೇಟಿಗೆ ಕಳಿಸುತ್ತಿದ್ದಳು. ಸೈಕಲ್ ಮೇಲೆ ಒಯ್ಯುತ್ತಿದ್ದ ಆಳು ಆ ಜೂನಿನಲ್ಲಿ ಬಿತ್ತನೆಗೆಂದು ಊರಿಗೆ ಹೋದವನು ಮರಳಲಿಲ್ಲ. ಭಾಗವ್ವ ಬಂದವರನ್ನೆಲ್ಲ ಕೇಳುತ್ತಿದ್ದಳು, ಯಾರಾದರೂ ಸಿಗುತ್ತಾರೆಯೇ ಎಂದು.

ಗುರುಬಾಯಿ ಅವಳ ಬಾಗಿಲಿಗೆ ಹೋಗಿ ನಿಂತಳು. "ಅತ್ತಿ, ನನಗ ಸೈಕಲ್ ಬರತೈತಿ. ಕಾಲೇಜು ಹನ್ನೊಂದಕ್ಕ ಬಿಡತೈತಿ. ಡಬ್ಬಿ ನಾ ಒಯ್ಯಲೇನು?"

ಭಾಗವ್ವ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನೇ ಮರೆತಳು. "ನಿಮ್ಮಪ್ಪ ಒಪ್ಪಿದ್ರ ನನ್ನದೇನೂ ಇಲ್ಲ ನೋಡವಾ."

ಅಪ್ಪ ಒಪ್ಪಲಿಲ್ಲ.

"ಹರೇದ ಹುಡುಗಿ ಪಂಜಾಬಿ ಡ್ರೆಸ್ ಹಾಕ್ಕೊಂಡು, ಸೈಕಲ್ ಮ್ಯಾಲೆ ಗಂಡಸರಿಗೆ ಊಟ ಒಯ್ಯೂದು? ಮಂದಿ ಏನಂದಾರು? ಅದೂ ನಮ್ಮ ಕಾರ್ಖಾನಿ ಗೇಟಿಗಿ?"

ಅಂದು ಸಂಜೆ ಲಕ್ಷ್ಮವ್ವ ಸುಮಿತ್ರಾ ಟೀಚರನ್ನು ಮನೆಗೆ ಕರೆದಳು. ಸುಮಿತ್ರಾ ಮೈಸೂರು ಕಡೆಯವರು. ಎದುರಿನ ಬಿಲ್ಡಿಂಗಿನಲ್ಲಿ ಮನೆ. ಗುರುಬಾಯಿಗೆ ಅಕ್ಷರ ಕಲಿಸಿದವರೇ ಅವರು. ಚಹಾ ಕುಡಿದು ಲೋಟ ಕೆಳಗಿಟ್ಟು ಕೇಳಿದರು.

"ಭೀಮರಾಯರೇ, ಭಾಗವ್ವನ ಊಟ ತಿನ್ನೋರು ಕೆಟ್ಟ ಜನವೇ?"

"ಛೇ ಛೇ. ಎಲ್ಲಾ ನಮ್ಮ ಮಂದೀನ ಬಾಯಾರ."

"ಹಾಗಾದ್ರೆ ಅವರ ಕೈಗೆ ಊಟ ಕೊಡೋದರಲ್ಲಿ ಮಾನ ಹೋಗೋದು ಏನಿದೆ? ಕೂಡಿ ಕೂತು ಊಟ ಮಾಡೋ ಜನ ಅವರು."

"ಓದೂದು ಬರಿಯೂದು ಒಂದ್ ಕಡೆ, ದುಡಿಯೂದು ಒಂದ್ ಕಡೆ. ಎರಡ್ರಾಗೂ ಕಾಲಿಟ್ರ ಎರಡೂ ಕೆಡತಾವು."

"ಕೆಡಬಹುದು," ಎಂದರು ಸುಮಿತ್ರಾ. "ನಿಮ್ಮ ಮಾತು ಸುಳ್ಳಲ್ಲ. ಕೆಲಸ ಓದನ್ನ ನುಂಗಿದ ಮಕ್ಕಳನ್ನ ನಾನೂ ನೋಡಿದೀನಿ. ಅದಕ್ಕೇ ಕೆಲಸ ಹಿಡಿಯೋ ಮೊದಲೇ ಎಲ್ಲ ಮಾತಾಡ್ಕೋಬೇಕು. ಬನ್ನಿ, ಭಾಗವ್ವನ ಹತ್ತಿರ ಹೋಗೋಣ."

ಎಲ್ಲರೂ ಖಾನಾವಳಿಗೆ ಹೋದರು. ಸುಮಿತ್ರಾ ಬಿಚ್ಚಿ ಮಾತಾಡಿದರು. ಹುಡುಗಿ ಮಧ್ಯಾಹ್ನದ ಡಬ್ಬಿ ಮಾತ್ರ ಒಯ್ಯುತ್ತಾಳೆ, ಸಂಜೆ ಅವಳ ಓದಿನ ಹೊತ್ತು. ಸೈಕಲ್ ತಾಳುವಷ್ಟೇ ಭಾರ ಹಾಕಬೇಕು. ಪಗಾರ ಅವಳ ಕೈಗೇ ಕೊಡಬೇಕು. ಪರೀಕ್ಷೆಯ ದಿನಗಳಲ್ಲಿ ರಜೆ ಬೇಕು.

ಭಾಗವ್ವ ಮೂರಕ್ಕೆ ತಲೆಯಾಡಿಸಿದಳು. ನಾಲ್ಕನೆಯದಕ್ಕೆ ಮಾತ್ರ ಹೂಂ ಎನ್ನಲಿಲ್ಲ. "ಬಾಯಾರ, ಹಸದ ಹೊಟ್ಟಿಗಿ ಪರೀಕ್ಷಾ ಗೊತ್ತಾಗೂದಿಲ್ರಿ. ಅವಾಗಿಂದ ಅವಾಗ ನೋಡೂಣು."

ಭೀಮರಾಯ ಕೊನೆಗೂ ಹೂಂ ಎಂದ. ಆದರೆ ಮನೆಗೆ ಬಂದ ಮೇಲೆ ಮಗಳಿಗೆ ಒಂದು ಮಾತು ಹೇಳಿದ. "ಗೇಟಿಗಿ ಬಾ, ಬ್ಯಾಡ ಅನ್ನೂದಿಲ್ಲ. ನನ್ನ ಮಗಳು ಅಂತ ಮಾತ್ರ ಯಾರಿಗೂ ಹೇಳಬ್ಯಾಡ."

ಗುರುಬಾಯಿ ತಲೆ ತಗ್ಗಿಸಿ ಆಯಿತು ಎಂದಳು. ಅದು ಅವಳಿಗೆ ಎಷ್ಟು ನೋವು ಮಾಡಿತು ಎಂಬುದು ತಾಯಿಗಷ್ಟೇ ತಿಳಿಯಿತು.

ಕಾಲೇಜು ಶುರುವಾಯಿತು. ಬೆಳಕು ಹರಿಯುವ ಮೊದಲೇ ಎದ್ದು, ನಲ್ಲಿಯಲ್ಲಿ ನೀರು ಹಿಡಿದಿಟ್ಟು, ಲೋಕಲ್ ಹತ್ತಿ ಮುಲುಂಡಿಗೆ. ಕ್ಲಾಸು ಮುಗಿಸಿ ಬಂದವಳೇ ಸೈಕಲ್ಲಿನ ಹಿಂದೆ ಮುಂದೆ ಡಬ್ಬಿ ಕಟ್ಟಿಕೊಂಡು ಆಗ್ರಾ ರೋಡಿಗೆ. ಲಾರಿಗಳು, ಬಸ್ಸುಗಳು, ಎಡಕ್ಕೆ ಕೆಸರು. ಮೊದಲ ವಾರ ಅಂಗೈ ಬೊಬ್ಬೆ ಬಂತು. ಕ್ಲಾಸಿನಲ್ಲಿ ಕಣ್ಣು ಎಳೆಯುತ್ತಿತ್ತು. ಆದರೂ ಊಟ ಒಂದು ದಿನವೂ ತಡವಾಗಲಿಲ್ಲ. ಅವಳೇ ದುಡಿದು ಫೀ ಕಟ್ಟಿದ ದಿನ ಲಕ್ಷ್ಮವ್ವ ಮಗಳ ಮುಖಕ್ಕೆ ನೀವಾಳಿಸಿ ನೆಟಿಗೆ ಮುರಿದಳು.

ಊಟದ ಹೊತ್ತಿನ ಭೋಂಗಾ ಕೂಗುತ್ತಲೇ ಕಾರ್ಖಾನೆಯ ಮಂದಿ ಗೇಟಿನ ಹತ್ತಿರ ಬಂದು ಡಬ್ಬಿ ಇಸಿದುಕೊಳ್ಳುತ್ತಿದ್ದರು. ಭೀಮರಾಯ ಮಾತ್ರ ಬರುತ್ತಿರಲಿಲ್ಲ. ಮನೆಯಿಂದ ತಂದ ಬುತ್ತಿ ಬಿಚ್ಚಿ ಒಳಗೆ ಶೆಡ್ಡಿನ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಗುರುಬಾಯಿ ಒಳಗಡೆ ನೋಡುತ್ತಿರಲಿಲ್ಲ. ಖಾಲಿ ಡಬ್ಬಿ ಕಟ್ಟಿಕೊಂಡು ಹೊರಟುಬಿಡುತ್ತಿದ್ದಳು.

ಆಗಸ್ಟಿನಲ್ಲಿ ಮಳೆ ಜಡಿ ಹಿಡಿಯಿತು. ಭಾಗವ್ವನಿಗೆ ಹೊಸ ಗಿರಾಕಿಗಳು ಹೆಚ್ಚಿದ್ದರು. "ಇವೊತ್ತೊಂದಿನ ಒಯ್ಯವಾ," ಎಂದು ದಿನಾ ಒಂದೆರಡು ಡಬ್ಬಿ ಹೆಚ್ಚಿಗೆ ಕಟ್ಟುತ್ತಿದ್ದಳು. ಹುಡುಗಿ ಬೇಡ ಎನ್ನಲಿಲ್ಲ. ಒಂದು ಮಧ್ಯಾಹ್ನ ಲಾರಿಯೊಂದು ತೀರ ಪಕ್ಕದಲ್ಲಿ ನೀರು ಹಾರಿಸಿಕೊಂಡು ಹೋಯಿತು. ಬ್ರೇಕು ಹಿಡಿದಳು, ಭಾರಕ್ಕೆ ಸೈಕಲ್ ನಿಲ್ಲಲಿಲ್ಲ. ಡಬ್ಬಿಗಳ ಸಮೇತ ರಸ್ತೆಯ ಅಂಚಿಗೆ ಬಿದ್ದಳು. ಅರ್ಧ ಊಟ ಕೆಸರು ಪಾಲಾಯಿತು.

ಅವಳು ಅಳಲಿಲ್ಲ. ಮುಚ್ಚಳ ಗಟ್ಟಿಯಾಗಿದ್ದ ಡಬ್ಬಿಗಳನ್ನು ಆರಿಸಿ ಕಟ್ಟಿಕೊಂಡು, ಕುಂಟುತ್ತ ಸೈಕಲ್ ತಳ್ಳಿಕೊಂಡು ಗೇಟಿಗೆ ಬಂದಳು. ಮೊಣಕಾಲಿನ ಹತ್ತಿರ ಬಟ್ಟೆ ಹರಿದು ರಕ್ತ ಇಳಿಯುತ್ತಿತ್ತು.

ಕಾಯುತ್ತಿದ್ದವರಲ್ಲಿ ಹಿರಿಯ ನೀಲಕಂಠಪ್ಪ. ಕಾರ್ಖಾನೆಯಲ್ಲಿ ಬಣ್ಣ ಕಲಸಿ ಕಲಸಿ ಉಗುರೆಲ್ಲ ನೀಲಿಯಾದವನು. "ಯವ್ವಾ, ಎಲ್ಲಿ ಬಡೀತು? ತಲಿಗೆ ಏನೂ ಆಗಿಲ್ಲ ಹೌದಲ್ಲೊ?" ಎಂದು ಮುಂದೆ ಬಂದ.

ಹಿಂದಿನಿಂದ ಒಬ್ಬ ಗೊಣಗಿದ. "ಇದಕ್ಕ ನಾ ಅಂದಿದ್ದು, ಹೆಣ್ಣುಹುಡುಗಿ ಕೈಲಿ ಈ ಕೆಲಸ ಆಗೂದಲ್ಲ ಅಂತ. ಯಾರ ಮಗಳೋ ಏನೋ, ಅಪ್ಪ ಅನ್ನಾವ ಮನ್ಯಾಗ ಇಟ್ಕೊಬಾರದ?"

ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದ ಭೀಮರಾಯ ಎದ್ದ. ಕೈಯಲ್ಲಿದ್ದ ತುತ್ತನ್ನು ಬುತ್ತಿಯಲ್ಲೇ ಬಿಟ್ಟು ಮಳೆಯಲ್ಲಿ ಗೇಟಿಗೆ ಬಂದ. ಹೆಗಲ ಮೇಲಿನ ಟಾವೆಲು ತೆಗೆದು, ಎಲ್ಲರೆದುರು ಕೆಳಗೆ ಕೂತು, ಮಗಳ ಮೊಣಕಾಲಿಗೆ ಕಟ್ಟಿದ.

"ಇಕಿ ನನ್ನ ಮಗಳು," ಎಂದ. "ಹೆಸರು ಗುರುಬಾಯಿ. ಕಾಲೇಜಿನ್ಯಾಗ ಓದತಾಳ."

ಯಾರೂ ಬೆರಗಾಗಲಿಲ್ಲ. ನೀಲಕಂಠಪ್ಪ ಮೆಲ್ಲಗೆ ಹೇಳಿದ. "ನಮಗ ಮೊದಲನೇ ದಿನಾನ ಗೊತ್ತಿತ್ತು ಭೀಮರಾಯ. ಮೂಗು, ಹುಬ್ಬು ಎಲ್ಲಾ ನಿನ್ನಂಗ ಅದಾವ. ನೀ ಹೇಳಲಿಲ್ಲ, ನಾವು ಕೇಳಲಿಲ್ಲ."

ಆ ದಿನ ಉಳಿದ ಡಬ್ಬಿಗಳನ್ನು ಎಲ್ಲರೂ ಹಂಚಿಕೊಂಡು ತಿಂದರು. ಭೀಮರಾಯ ತನ್ನ ಬುತ್ತಿಯನ್ನೂ ತಂದು ನಡುವೆ ಇಟ್ಟ. ಮೊದಲ ರೊಟ್ಟಿಯನ್ನು ಗೊಣಗಿದವನ ಮುಂದೆಯೇ ಇಟ್ಟ.

ಮನೆಗೆ ಬಂದ ಮೇಲೆ ಮಾತ್ರ ಅವನ ಹೆದರಿಕೆ ಮರಳಿತು. "ಸಾಕವಾ. ಲಾರಿ ಒಂದು ಗೇಣು ಈ ಕಡಿ ಬಂದಿದ್ರ? ಬಿಟ್ಟುಬಿಡು."

"ಡಬ್ಬಿ ಬಿಟ್ರ ಕಾಲೇಜೂ ಬಿಟ್ಟಂಗಪ್ಪಾ," ಎಂದಳು ಗುರುಬಾಯಿ. "ನಾ ಸೈಕಲ್ಲಿಂದ ಬಿದ್ದಿಲ್ಲ, ಭಾರದಿಂದ ಬಿದ್ದೀನಿ. ಬ್ಯಾಡ ಅನ್ನಬೇಕಿತ್ತು, ಅನ್ನಲಿಲ್ಲ."

ಸುಮಿತ್ರಾ ಬಂದು ಗಾಯ ನೋಡಿದರು. ಧನುರ್ವಾಯುವಿನ ಸೂಜಿ ಹಾಕಿಸಲು ಮೊದಲು ದವಾಖಾನೆಗೆ ಕಳಿಸಿದರು. ಆಮೇಲೆ ಭಾಗವ್ವನ ಹತ್ತಿರ ಹೋದರು. ಬೈಯಲಿಲ್ಲ. "ಸೈಕಲ್ ತಾಳೋವಷ್ಟು ಅಂತ ಮಾತಾಗಿತ್ತಲ್ಲ ಭಾಗವ್ವ," ಎಂದಷ್ಟೇ ಅಂದರು. ಭಾಗವ್ವನ ಕಣ್ಣು ತುಂಬಿ ಬಂತು. ಅಂದಿನಿಂದ ಗುರುಬಾಯಿ ಡಬ್ಬಿಗಳನ್ನು ಒಂದೇ ಸಲ ಕಟ್ಟದೆ ಎರಡು ಸಲಕ್ಕೆ ಒಯ್ಯತೊಡಗಿದಳು. ಭಾಗವ್ವನೇ ಖರ್ಚು ಹಾಕಿ ಸೈಕಲ್ಲಿಗೆ ಹೊಸ ಬ್ರೇಕು, ದೊಡ್ಡ ಗಂಟೆ ಹಾಕಿಸಿದಳು. ಭೀಮರಾಯ ಮಧ್ಯಾಹ್ನ ಗೇಟಿನ ಹೊರಗೇ ನಿಂತು ಮಗಳ ದಾರಿ ನೋಡತೊಡಗಿದ.

ವರ್ಷದ ಕೊನೆಗೆ ಪರೀಕ್ಷೆ ಬಂತು. ಹೊತ್ತು ಹನ್ನೊಂದರಿಂದ ಎರಡು. ಸರಿಯಾಗಿ ಡಬ್ಬಿಯ ಹೊತ್ತು.

ಭಾಗವ್ವ ಕೈ ಚೆಲ್ಲಿ ಕೂತಳು. ಬದಲಿ ಆಳು ಸಿಗಲಿಲ್ಲ. ಊಟ ಹೋಗದಿದ್ದರೆ ಗಿರಾಕಿಗಳು ಬೇರೆ ಖಾನಾವಳಿ ಹಿಡಿಯುತ್ತಾರೆ. ಹುಡುಗಿ ಪರೀಕ್ಷೆಗೆ ಹೋಗದಿದ್ದರೆ ವರ್ಷ ಹಾಳು. ರಾತ್ರಿ ಮನೆಯಲ್ಲಿ ಗುರುಬಾಯಿ ಹೇಳಿದಳು, "ಪರೀಕ್ಷಾ ಅಕ್ಟೋಬರದಾಗ ಮತ್ತ ಬರತೈತಿ. ಅವಾಗ ಕೂಡತೀನಿ."

ಭೀಮರಾಯ ಊಟದ ತಾಟಿನಿಂದ ಮುಖ ಎತ್ತಿದ. "ನೀ ಪರೀಕ್ಷಾ ಬರಿ. ಡಬ್ಬಿ ನಾ ಒಯ್ಯತೀನಿ."

"ನಿನಗ ಸೈಕಲ್ ಬರೂದಿಲ್ಲಲ್ಲಪ್ಪಾ."

"ತಲಿ ಐತಲ್ಲ," ಎಂದ.

ಜೊತೆಗಾರನೊಬ್ಬನ ಕೂಡ ಮಾತಾಡಿ, ಫೋರ್‌ಮನ್ನನ ಒಪ್ಪಿಗೆ ತೆಗೆದುಕೊಂಡು, ಪರೀಕ್ಷೆ ಮುಗಿಯುವವರೆಗೆ ಮಧ್ಯಾಹ್ನದ ಮೇಲೆ ಶುರುವಾಗುವ ಎರಡನೇ ಪಾಳಿಗೆ ಬದಲಾಯಿಸಿಕೊಂಡ. ಮೊದಲ ದಿನ ಮಗಳನ್ನು ಸ್ಟೇಷನ್ನಿಗೆ ಬಿಟ್ಟು ಬಂದ. ಭಾಗವ್ವ ದೊಡ್ಡ ಬುಟ್ಟಿಯಲ್ಲಿ ಡಬ್ಬಿ ಜೋಡಿಸಿಟ್ಟಿದ್ದಳು. ಸಿಂಬಿ ಸುತ್ತಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಚಾಳಿನ ನಡುವಿನಿಂದಲೇ ನಡೆದ. ನಾವು ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದೆವು. ಬಿಸಿಲು ಹೊಡೆಯುತ್ತಿತ್ತು. ರಸ್ತೆಯಲ್ಲಿ ಗುರುತಿನವನೊಬ್ಬ ನಕ್ಕು ಕೇಳಿದ, "ಏನೋ ಭೀಮರಾಯ, ಮಗಳ ಕೆಲಸ ನಿನಗ ಬಂತೇನು?"

"ಬಂತು," ಎಂದು ಭೀಮರಾಯ ಎಲ್ಲರಿಗೂ ಕೇಳುವಂತೆ ಹೇಳಿದ. "ಆಕಿ ಪರೀಕ್ಷಾ ಬರಿಯಾಕ ಹೋಗ್ಯಾಳ."

ಅರ್ಧ ದಾರಿಗೆ ಅವನ ಕುತ್ತಿಗೆ ಸೆಟೆಯಿತು. ಡ್ರಮ್ಮು ಎತ್ತುವ ಆಳಿಗೂ ಬೆವರು ಕಿತ್ತುಕೊಂಡು ಬಂತು. ಇಷ್ಟು ಭಾರವನ್ನು, ಈ ಲಾರಿಗಳ ನಡುವೆ, ಕ್ಲಾಸು ಮುಗಿಸಿ ಬಂದು ಮಗಳು ದಿನಾ ತರುತ್ತಿದ್ದಳಲ್ಲ ಎಂದು ಅವನಿಗೆ ಆಗ ತಿಳಿಯಿತು. ಭೋಂಗಾ ಆಗಲೇ ಕೂಗಿತ್ತು. ಗೇಟಿನ ಕಡೆಯಿಂದ ರಸ್ತೆಯ ಮೂಲೆಗೆ ಯಾರೋ ಬರುತ್ತಿರುವುದು ಕಂಡಿತು. ನೀಲಕಂಠಪ್ಪ ಮುಂದೆ, ಹಿಂದೆ ಏಳೆಂಟು ಜನ. ಆಗಸ್ಟಿನಲ್ಲಿ ಗೊಣಗಿದವನೂ ಇದ್ದ. ಅವನೇ ಬುಟ್ಟಿಗೆ ಕೈ ಹಚ್ಚಿ ಇಳಿಸಿಕೊಂಡ.

"ನಾಳಿಂದ ಗೇಟಿನತನ ಬರಬ್ಯಾಡ," ಎಂದ ನೀಲಕಂಠಪ್ಪ. "ಪರೀಕ್ಷಾ ಮುಗಿಯೂತನ ನಾವ ಈ ಮೂಲಿಗಿ ಬಂದು ಒಯ್ಯತೀವಿ. ನಮಗ ಊಟ ತರೂ ಹುಡುಗಿ ಫೇಲಾದ್ರ ಉಂಡಿದ್ದು ಮೈಗೆ ಹತ್ತೀತೇನು?"

ಭಾಗವ್ವನಿಗೆ ಒಬ್ಬ ಗಿರಾಕಿಯೂ ತಪ್ಪಲಿಲ್ಲ. ಗುರುಬಾಯಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಮುಂದಿನ ವರ್ಷಗಳಲ್ಲಿ ಪರೀಕ್ಷೆ ಬಂದಾಗ ಯಾರೂ ಚಿಂತೆ ಮಾಡಲಿಲ್ಲ. ಯಾವ ದಿನ ಯಾರು ಬುಟ್ಟಿ ಹೊರಬೇಕೆಂದು ಕಾರ್ಖಾನೆಯ ಮಂದಿಯೇ ಸರತಿ ಹಚ್ಚಿಕೊಂಡರು. ೧೯೭೫ರಲ್ಲಿ ಗುರುಬಾಯಿ ಬಿ.ಎ. ಆದಳು. ನಮ್ಮ ಚಾಳಿನ ಮೊದಲ ಗ್ರ್ಯಾಜುಯೇಟ್ ಅವಳು. ಫಲಿತಾಂಶ ಬಂದ ದಿನ ಕಾರ್ಖಾನೆಯ ಮಂದಿ ಅವಳನ್ನು ಗೇಟಿಗೆ ಕರೆಸಿ, ತಾವೇ ಅವಳಿಗೆ ಊಟ ಬಡಿಸಿದರು. ಅದಾಗಿ ಎರಡು ವರ್ಷ, ಈಗ ಪವಾಯಿ ಕಡೆಯ ಒಂದು ಆಫೀಸಿನಲ್ಲಿ ಕೆಲಸದಲ್ಲಿದ್ದಾಳೆ. ತಮ್ಮ, ತಂಗಿ ಇಬ್ಬರೂ ಓದುತ್ತಿದ್ದಾರೆ.

ಹೋದ ತಿಂಗಳು ನಮ್ಮ ಚಾಳಿನ ಅಣವೀರಪ್ಪ ತನ್ನ ಮಗಳ ಓದು ಬಿಡಿಸಲು ಹೊರಟಿದ್ದ. ಅವನ ಮನೆಗೆ ಭೀಮರಾಯ ತಾನಾಗಿ ಹೋದ. "ಎರಡ್ರಾಗೂ ಕಾಲಿಟ್ರ ಎರಡೂ ಕೆಡತಾವು ಅಂತ ನಾನೂ ಅಂದಾವನ," ಎಂದ. "ಕೆಡೂದಿಲ್ಲೋ ಮಾರಾಯ. ನಾವು ಒಂದೀಟು ಕೈ ಹಚ್ಚಬೇಕು ಅಷ್ಟ. ನಡಿ, ಭಾಗವ್ವನ್ನ ಕೇಳೂಣು." ಈಗ ಭಾಗವ್ವನ ಸೈಕಲ್ ತುಳಿಯುವವರು ಇಬ್ಬರು, ಇಬ್ಬರೂ ಕಾಲೇಜಿನವರು, ಅವರಲ್ಲಿ ಒಬ್ಬಳು ಅಣವೀರಪ್ಪನ ಮಗಳು. ಪರೀಕ್ಷೆಗೆ ರಜೆ ಎಂದು ಭಾಗವ್ವ ಮೊದಲೇ ತಾನಾಗಿ ಹೇಳಿಯೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಓದುವ ಮಕ್ಕಳು ಮೈಮುರಿದು ದುಡಿದರೆ ಮನೆತನದ ಮಾನ ಹೋಗುವುದಿಲ್ಲ. ಹೆಣ್ಣಾಗಲಿ ಗಂಡಾಗಲಿ, ದುಡಿದು ಓದುತ್ತೇನೆ ಎಂದರೆ ತಡೆಯಬೇಡಿ. ಆದರೆ ಕೆಲಸ ಹಿಡಿಯುವ ಮೊದಲೇ ಹೊತ್ತು, ಭಾರ, ಪಗಾರ, ಪರೀಕ್ಷೆಯ ರಜೆ ಬಾಯಿಬಿಟ್ಟು ಮಾತಾಡಿಕೊಳ್ಳಿ. ಭಾರ ಹೆಚ್ಚಾದರೆ ಬೇಡ ಎನ್ನಲು ಮಕ್ಕಳಿಗೆ ಕಲಿಸಿ. ಖಾನಾವಳಿ, ಅಂಗಡಿ ನಡೆಸುವವರು ಕೊಟ್ಟ ಮಾತು ನಡೆಸಿ. ನಾಳೆ ನಿಮ್ಮ ಗೇಟಿಗೆ ಊಟ ತರುವ ಹುಡುಗನನ್ನೋ ಹುಡುಗಿಯನ್ನೋ ಒಂದು ಮಾತು ಕೇಳಿ: "ಪರೀಕ್ಷೆ ಯಾವಾಗ?" ಆ ದಿನ ನಿಮ್ಮ ಡಬ್ಬಿ ನೀವೇ ಹೋಗಿ ತಂದುಕೊಳ್ಳಿ.