ನಾಲ್ಕು ಬೆರಳ ಸಂದು

ಈ ಕಾರುಗಳಿಗೆ ಏನು ತಿನ್ನಿಸಿ ಸಾಕುತ್ತಾರೋ ನನಗಂತೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಈ ಕಟ್ಟಡದ ನೆಲಮಾಳಿಗೆಗೆ ನಾನು ಪಾರ್ಕಿಂಗ್ ಕೆಲಸಕ್ಕೆ ಸೇರಿದಾಗ, ಹೊಟ್ಟೆ ಬಂದವರೂ ಕಾರಿನಿಂದ ಆರಾಮಾಗಿ ಇಳಿಯುತ್ತಿದ್ದರು. ಬಿಳಿ ಗೆರೆಗಳು ಇದ್ದಲ್ಲೇ ಇವೆ, ಕಾರುಗಳು ಮಾತ್ರ ಊದಿಕೊಂಡಿವೆ. ಈಗ ಎಲ್ಲರೂ ಉಸಿರು ಬಿಗಿಹಿಡಿದು ಅಡ್ಡಡ್ಡ ಜಾರಿ ಹೊರಗೆ ಬರಬೇಕು, ಬಂದವರು ನನ್ನ ಮೇಲೆ ರೇಗಬೇಕು. ನಾನೇನು ಗೋಡೆ ತಳ್ಳಲೇ?

ತಳ್ಳುವುದೇನಿದ್ದರೂ ಕಾರನ್ನು. ಗೆರೆಯೊಳಗೆ ಹಿಡಿಸದ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕದೆ ಬಿಟ್ಟುಹೋಗುವುದು ಇಲ್ಲಿಯ ಪದ್ಧತಿ. ಯಾರಿಗಾದರೂ ದಾರಿ ಬೇಕಾದರೆ ನಾನು ಹೆಗಲು ಕೊಟ್ಟು ಸರಿಸುತ್ತೇನೆ. ನನ್ನ ಹೆಗಲಿಗೆ ಜಗ್ಗದ ಕಾರು ಇಲ್ಲ ಎಂಬ ಜಂಬ ನನಗಿತ್ತು.

ಕಾರುಗಳು ಇಳಿದು ಬರುವ ಇಳಿಜಾರಿನ ಅಡಿಯಲ್ಲಿ, ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ ನಾನೂ ನನ್ನ ಮಗಳೂ ಇದ್ದೆವು. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ. ಬೆಳಗಿನ ಐದಕ್ಕೆ ಡ್ಯೂಟಿ. ಅಷ್ಟು ಹೊತ್ತಿಗೆ ಬಸ್ಸಿಲ್ಲ, ಬ್ಯಾಟರಿ ಬೈಕೇ ಗತಿ. ಮಧ್ಯಾಹ್ನ ಬಂದವಳು ಬ್ಯಾಟರಿ ಕಳಚಿ ಒಳಗೆ ತಂದು, ಚಾರ್ಜಿಗೆ ಹಾಕಿ ಮಲಗುತ್ತಿದ್ದಳು. ಕೋಣೆಗಿದ್ದದ್ದು ಒಂದೇ ಪ್ಲಗ್ಗು, ಅದೂ ಬಾಗಿಲ ಪಕ್ಕ.

ಆ ಬ್ಯಾಟರಿಯ ಬಗ್ಗೆ ಅಭಿಪ್ರಾಯ ಇಲ್ಲದವರು ಈ ಕಟ್ಟಡದಲ್ಲೇ ಇರಲಿಲ್ಲ. ಒಬ್ಬರು, "ಮೊಬೈಲ್ ಇದ್ದಂಗೆ ಕಣಯ್ಯ, ಏನೂ ಆಗಲ್ಲ" ಅನ್ನುವರು. ಇನ್ನೊಬ್ಬರು, "ಬಾಂಬ್ ಇಟ್ಕೊಂಡು ಮಲಗ್ತೀರಲ್ಲ" ಅನ್ನುವರು. ಮೊದಲ ಮಹಡಿಯ ರಿಟೈರ್ಡ್ ಮೇಷ್ಟ್ರೊಬ್ಬರೇ ಕೆಳಗಿಳಿದು ಬಂದು ನೋಡಿದ್ದು.

"ಬಾಗಿಲ ಹತ್ರ ಬೇಡಪ್ಪ. ಹೊತ್ಕೊಂಡ್ರೆ ಆಚೆ ಬರೋಕೆ ಇರೋದು ಅದೊಂದೇ ದಾರಿ."

"ಬೇರೆ ಪ್ಲಗ್ ಎಲ್ಲಿದೆ ಸಾರ್?"

ಚಾರ್ಜಿಗೆ ಹಾಕಲು ನೀರಿನ ಪಂಪಿನ ಪಕ್ಕ ಒಂದು ಮೂಲೆ ಕೊಡಿ ಎಂದು ಮಾಲೀಕರನ್ನೆಲ್ಲ ಬೇಡಿಕೊಂಡಿದ್ದೆ. ಮೂಲೆ ಕೊಡುವುದೋ, ಬ್ಯಾಟರಿಯನ್ನು ಕಟ್ಟಡದೊಳಕ್ಕೇ ಬಿಡದಿರುವುದೋ ಎಂದು ಆ ಸಂಜೆಯ ಮೀಟಿಂಗಿನಲ್ಲಿ ತೀರ್ಮಾನವಾಗಬೇಕಿತ್ತು. ಬೇಡವೆಂದರೆ ಮಗಳ ಕೆಲಸ ಹೋದಂತೆಯೇ. ಹಾಗಾಗಿ ಅಂದು ಕಂಡಕಂಡವರಿಗೆಲ್ಲ ಹಲ್ಲು ಗಿಂಜುತ್ತಿದ್ದೆ.

ಮಧ್ಯಾಹ್ನ ಎರಡಕ್ಕೆ ಮೂರನೇ ಮಹಡಿಯ ಯಜಮಾನರು ಹೊಸ ಕಾರು ಇಳಿಸಿದರು. ಅದರ ಮೂತಿಯೇ ನನ್ನ ಎದೆಮಟ್ಟ. ಎಲ್ಲೂ ಹಿಡಿಸದೆ, ಸೀದಾ ನಮ್ಮ ಬಾಗಿಲಿಗೆ ಮೂತಿ ಕೊಟ್ಟು ನಿಲ್ಲಿಸಿದರು. ಬಾಗಿಲಿಗೂ ಕಾರಿಗೂ ನಾಲ್ಕು ಬೆರಳ ಸಂದು. ಹೊರಕ್ಕೆ ತೆಗೆಯುವ ಬಾಗಿಲು ಅದು.

"ಒಳಗೆ ಯಾರಾದ್ರೂ ಇದಾರಾ?" ಎಂದು ಕಿವಿಯಿಂದ ಫೋನು ತೆಗೆಯದೆ ಕೇಳಿದರು.

"ಮಗಳು ಮಲಗಿದಾಳೆ ಸಾರ್. ಇರ್ಲಿ ಬಿಡಿ, ಆಮೇಲೆ ನಾನೇ ತಳ್ಕೋತೀನಿ."

ಯಾರೂ ನನ್ನ ಬಾಯಿಂದ ಆ ಮಾತು ಹೊರಡಿಸಲಿಲ್ಲ. ನಾನೇ ಅಂದದ್ದು.

ಹತ್ತು ನಿಮಿಷವೂ ಆಗಿರಲಿಲ್ಲ, ಒಳಗಿನಿಂದ ಪಟಪಟ ಸದ್ದು ಬಂತು. ಬಾಗಿಲ ಅಡಿಯಿಂದ ಹೊಗೆ. ಬಾಗಿಲು ಕಾರಿಗೆ ಬಡಿಯಿತು, ಮತ್ತೆ ಬಡಿಯಿತು.

"ಅಪ್ಪಾ, ಬಾಗಿಲು ತೆಗೆಯೋಕಾಗ್ತಿಲ್ಲ."

ಹೆಗಲು ಕೊಟ್ಟೆ. ಕಾರು ಅಲುಗಲಿಲ್ಲ. ಪಾದ ಜಾರುವವರೆಗೂ ನೂಕಿದೆ. ಹೊಸ ಕಾರುಗಳು ಆಫ್ ಮಾಡಿದ ಕೂಡಲೇ ತಾವಾಗಿಯೇ ಬ್ರೇಕ್ ಹಾಕಿಕೊಳ್ಳುತ್ತವಂತೆ, ನನಗೇನು ಗೊತ್ತು? ಫೋನು ಮಾಡಿದರೆ ಯಜಮಾನರದ್ದು ಬಿಜಿ. ಒಳಗೆ ಕೆಮ್ಮು ಶುರುವಾಗಿತ್ತು.

"ನೆಲಕ್ಕೆ ಮಲ್ಕೋ ಪುಟ್ಟಿ. ಬಟ್ಟೆ ಒದ್ದೆ ಮಾಡಿ ಮೂಗಿಗೆ ಹಿಡ್ಕೋ."

"ಬ್ಯಾಟರಿ ಪ್ಲಗ್ ಕಿತ್ತೆ ಅಪ್ಪ. ಆದ್ರೂ ಉರೀತಿದೆ."

ಕೂಗು ಕೇಳಿ ಮೇಷ್ಟ್ರು ಓಡಿ ಬಂದರು. "ಬಾಗಿಲ ಕೀಲು ನಮ್ಮ ಕಡೆನೇ ಇದೆ ನೋಡು" ಅಂದರು. ಅವರ ಹಳೇ ಕಾರಿನ ಡಿಕ್ಕಿಯಿಂದ ಜಾಕಿನ ಸರಳು ತಂದು, ಕೀಲಿನ ಮೊಳೆಗಳನ್ನು ಕೆಳಗಿನಿಂದ ಬಡಿದೆ. ಒಂದು ಕಳಚಿತು. ಎರಡನೆಯದು ತುಕ್ಕು ಹಿಡಿದಿತ್ತು. ಬಡಿಯುತ್ತ ಬಡಿಯುತ್ತ ನಾನು ದೇವರನ್ನೂ ಬೈದೆ, ನನ್ನನ್ನೂ ಬೈದುಕೊಂಡೆ. ಅಷ್ಟರಲ್ಲಿ ಒಳಗಿನ ಕೆಮ್ಮು ನಿಂತಿತು.

ಮೊಳೆ ಹಾರಿತು. ಬಾಗಿಲು ವಾಲಿ ಕಾರಿನ ಬಾನೆಟ್ ಮೇಲೆ ಬಿತ್ತು. ಹೊಗೆಯೊಳಕ್ಕೆ ತಲೆ ತೂರಿಸಿ, ಕೈಗೆ ಸಿಕ್ಕ ತೋಳು ಹಿಡಿದು ಮಗಳನ್ನು ಆ ಬಾಗಿಲ ಮೇಲಿಂದಲೇ ಎಳೆದುಕೊಂಡೆ. ಬಾನೆಟ್ ಮೇಲೆ ಕೂತು ಒಂದೇ ಸಮ ಕೆಮ್ಮಿದಳು. ಅಂಗೈ ಸುಟ್ಟಿತ್ತು, ಜೀವ ಇತ್ತು. ಮೇಷ್ಟ್ರು ಬಕೆಟ್‌ಗಟ್ಟಲೆ ನೀರು ಸುರಿಯುತ್ತಿದ್ದರು.

ಆಗ ಯಜಮಾನರು ಲಿಫ್ಟಿನಿಂದ ಇಳಿದರು. ಹೊಗೆ ನೋಡಿದರು, ಮಗಳನ್ನು ನೋಡಿದರು, ಬಾನೆಟ್ ನೋಡಿದರು.

"ಮೊದ್ಲು ಅಲ್ಲಿಂದ ಇಳಿಸ್ರೀ ಅವಳನ್ನ. ಮೂರು ದಿನದ ಗಾಡಿ ಅದು."

ಬೈಯಬೇಕಿತ್ತು. ಸರಳು ಇನ್ನೂ ನನ್ನ ಕೈಯಲ್ಲೇ ಇತ್ತು. ಆದರೆ ಸಂಜೆ ಮೀಟಿಂಗ್ ಇದೆ, ಇವರ ಮನಸ್ಸು ಕೆಡಬಾರದು ಎಂದು ಆಗಲೂ ಅನಿಸಿತಲ್ಲ ನನಗೆ. ಥೂ, ಇಂಥ ಜನ್ಮ.

"ಸರಿ ಸಾರ್" ಅಂದೆ. ಮಗಳ ತೋಳಿಗೆ ಕೈ ಹಾಕಿ ಕೆಳಗಿಳಿಸಿದೆ.

ನೆಲಕ್ಕೆ ಕಾಲು ತಾಗಿದ್ದೇ ತಡ, ಅವಳು ನನ್ನ ಕೈ ಬಿಡಿಸಿಕೊಂಡು, ಗೋಡೆ ಹಿಡಿದುಕೊಂಡು, ಒಬ್ಬಳೇ ಇಳಿಜಾರು ಹತ್ತಿ ಹೋದಳು.