ಸುಳಿ ಇದ್ದ ಗಿಟಾರು

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಕತೆ ಹೇಳಲು ಕೂತ ಮೇಲೆ ಹೇಳದಿದ್ದರೆ ಹೇಗೆ? ನನ್ನ ಗಂಡನ ಹೆಸರು ಸುಂಕಪ್ಪ, ಮಾನ್ವಿಯ ಅಂಚೆ ಕಚೇರಿಯಲ್ಲಿ ಗುಮಾಸ್ತ. ನಾನು ಗೋಪಮ್ಮ, ಅದೇ ಊರಿನ ಪ್ರಾಥಮಿಕ ಶಾಲೆಯ ಟೀಚರು. ಇವರಿಗೆ ಜೀವನದಲ್ಲಿ ಬೇಕಾಗಿದ್ದು ಎರಡೇ. ಒಂದು ನಾನು, ಇನ್ನೊಂದು ಗಿಟಾರು. ನಾನು ಬೇಗ ಸಿಕ್ಕೆ. ನೋಡಲು ಬಂದ ದಿನವೇ ನಮ್ಮವ್ವ ಮಾಡಿದ ಮಂಡಾಳು ವಗ್ಗರಣಿ ತಿಂದು, ಹ್ಞೂಂ ಅಂದು ಹೋದರು. ಗಿಟಾರಿಗೆ ಮಾತ್ರ ಹನ್ನೊಂದು ವರ್ಷ ಕಾದರು.

ಎಪ್ಪತ್ತೆರಡರಲ್ಲಿ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದುವಾಗ, ಕಾಲೇಜಿನ ಗ್ಯಾದರಿಂಗಿಗೆ ಬಂದ ಹೈದರಾಬಾದಿನ ಹುಡುಗನೊಬ್ಬ ಗಿಟಾರು ನುಡಿಸಿದನಂತೆ. ನುಡಿಸಿದ್ದು ಒಂದೇ ಹಾಡು. ಅವತ್ತು ತಲೆಗೆ ಹತ್ತಿದ್ದು ಇಳಿಯಲೇ ಇಲ್ಲ. ನೌಕರಿ ಸಿಕ್ಕ ಮೇಲೆ ಕಲಕತ್ತೆಯಿಂದ ವಿ.ಪಿ. ಅಂಚೆಯಲ್ಲಿ ಗಿಟಾರು ಕಲಿಯುವ ಪುಸ್ತಕ ತರಿಸಿಕೊಂಡರು. ಗಿಟಾರಿಗೆಂದು ದುಡ್ಡು ಕೂಡಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಬಂತು. ಒಮ್ಮೆ ನಾದಿನಿಯ ಮದುವೆ, ಒಮ್ಮೆ ಸೋರುವ ಮಾಳಿಗೆ, ಒಮ್ಮೆ ನನ್ನ ಬಾಣಂತನ. ಇವರು ಒಂದು ಸಲವೂ ಮುಖ ಸಣ್ಣ ಮಾಡಲಿಲ್ಲ. ಬಡಗಿಯ ಹತ್ತಿರ ಗಿಟಾರಿನ ಕುತ್ತಿಗೆಯಷ್ಟು ಉದ್ದದ ಹಲಗೆ ಮಾಡಿಸಿ, ಅದರ ಮೇಲೆ ಪೆನ್ಸಿಲಿನಿಂದ ಆರು ಗೆರೆ ಎಳೆದು, ಪುಸ್ತಕ ನೋಡುತ್ತ ಆ ಗೆರೆಗಳ ಮೇಲೆ ಬೆರಳಿಟ್ಟು ಕಲಿತರು. ದಿನಾ ಸಂಜೆ ಕಚೇರಿಯಿಂದ ಬಂದು ಚಹಾ ಕುಡಿದ ಮೇಲೆ ಅದೇ ಕೆಲಸ.

"ಏನ್ರೀ, ಇವತ್ತು ಯಾವ ಹಾಡು?" ಎಂದು ನಾನು ಒಲೆಯ ಮುಂದಿನಿಂದ ಕೇಳುತ್ತಿದ್ದೆ. ಇವರು ಹಾಡಿನ ಹೆಸರು ಹೇಳುತ್ತಿದ್ದರು.

"ಭಾಳ ಛಲೋ ಬಂತು ನೋಡ್ರಿ. ಇನ್ನೊಮ್ಮೆ ಆಗಲಿ."

ಕಾಡುತ್ತಿದ್ದೆ ಖರೆ, ಆದರೆ ಸದ್ದಿಲ್ಲದ ಆ ಹಲಗೆಯ ಮೇಲೆ ಓಡಾಡುವ ಬೆರಳುಗಳನ್ನು ನೋಡಿದರೆ ನನಗೆ ಪಾಪ ಅನಿಸುತ್ತಿತ್ತು. ಇವರಿಗೆ ಒಂದು ಗಿಟಾರು ಕೊಡಿಸದೆ ನಾನು ಸಾಯಬಾರದು ಎಂದು ಮನಸ್ಸಿನಲ್ಲೇ ಹಟ ಹಿಡಿದಿದ್ದೆ.

ಎಂಬತ್ತಮೂರರ ಬೇಸಿಗೆಯಲ್ಲಿ ನನಗೆ ರಾಯಚೂರಿನಲ್ಲಿ ಹತ್ತು ದಿನದ ತರಬೇತಿ ಬಂತು. ಆಗ ಕುಪ್ಪಸ ಹೊಲಿಯಲು ಕೊಟ್ಟದ್ದು ವಾಹಿದಾ ಎಂಬಾಕೆಯ ಮನೆಯಲ್ಲಿ. ನಲವತ್ತೈದರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡ ಮೇಲೆ ಹೊಲಿಗೆಯ ಮೇಲೆ ಜೀವನ. ಅಳತೆ ಕೊಡುತ್ತ ನಿಂತಾಗ ಎದುರಿನ ಗೋಡೆಯ ಮೇಲೆ ಗವಸು ಹಾಕಿ ತೂಗುಬಿಟ್ಟ ವಸ್ತುವೊಂದು ಕಂಡಿತು. ವರ್ಷಗಟ್ಟಲೆ ಪುಸ್ತಕದ ಚಿತ್ರ ನೋಡಿದ್ದವಳು ನಾನು, ಗವಸಿನ ಮೇಲಿಂದಲೇ ಗುರುತು ಹಿಡಿದೆ. ಆಕೆಯ ಗಂಡ ವಲಿ ಪಾಷಾ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತ, ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದನಂತೆ. ನಾಲ್ಕು ವರ್ಷದ ಹಿಂದೆ ಜ್ವರ ಬಂದು ಹೋಗಿಬಿಟ್ಟನಂತೆ.

ನಾಲ್ಕು ಕುಪ್ಪಸ ಹೊಲಿಸಿದೆ. ಬೇಕಾಗಿದ್ದು ಎರಡೇ. ನಾಲ್ಕನೆಯದನ್ನು ಇಸಿದುಕೊಳ್ಳುವಾಗ, ಆ ಗಿಟಾರು ಮಾರುತ್ತೀರೇನು ಎಂದು ಧೈರ್ಯ ಮಾಡಿ ಕೇಳಿದೆ. ವಾಹಿದಾ ಮಷಿನ್ ನಿಲ್ಲಿಸಿದಳು.

"ನುಡಿಸೋರ ಕೈಗಿ ಹೋಗೋದಾದ್ರ ಕೊಡ್ತೀನ್ರಿ ಟೀಚರ್. ಗ್ವಾಡಿ ಮ್ಯಾಲೆ ಇಟ್ಟು ಗೆದ್ದಲಿಗಿ ಹಾಕಾಕ ಮನಸ್ಸಿಲ್ಲ. ಮುನ್ನೂರು ಕೊಡ್ರಿ. ನಿಮ್ಮ ಯಜಮಾನ್ರನ್ನ ಕರಕೊಂಡು ಬರ್ರಿ."

ಮಾನ್ವಿಗೆ ಬಂದು ಸುದ್ದಿ ಹೇಳಿದರೆ ಇವರು ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡರು. ಆಮೇಲೆ ಮೊದಲು ಆಡಿದ ಮಾತು, "ಮಾವಾಗ ಹೇಳಬೇಕಲ್ಲ" ಎಂಬುದು.

ಮಾವ ಎಂದರೆ ನಮ್ಮಪ್ಪ ಮೂಕಪ್ಪ. ಹೆಸರಿಟ್ಟವರು ಅವನ ಬಾಯಿ ಕೇಳಿರಲಿಲ್ಲ ಎಂದು ಕಾಣುತ್ತದೆ. ದೇವದುರ್ಗದ ದನದ ಸಂತೆಯಲ್ಲಿ ನಲವತ್ತು ವರ್ಷದ ದಲ್ಲಾಳಿ. ಸ್ವಂತಕ್ಕೆ ಒಂದು ಎತ್ತು ಕಟ್ಟಿದವನಲ್ಲ, ಆದರೆ ಸುತ್ತಲಿನ ಊರುಗಳ ಎತ್ತುಗಳೆಲ್ಲ ಅವನ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಗೊತ್ತು ಮಾಡಿ ಆದ ವ್ಯಾಪಾರವೇ. ನಮ್ಮ ಬಳಗದಲ್ಲಿ ಆಕಳು ತರಲಿ, ಸೈಕಲ್ ತರಲಿ, ಅಪ್ಪ ಮುಂದೆ ನಿಂತು ಮಾತಾಡಬೇಕು. ಅದು ನಡೆದುಬಂದ ರೂಢಿ.

"ಅದೇನು ಹೋರಿ ಏನ್ರೀ, ಹಲ್ಲು ಹಿಡಿದು ನೋಡಾಕ?" ಎಂದು ನಾನು ಸಿಡುಕಿದೆ.

"ಬಿಟ್ಟು ಹೋದ್ರ ಮನಸ್ಸಿಗಿ ಹಚ್ಚಿಗೊಂತಾರ ಗೋಪಿ. ಬರಲಿ ಬಿಡು."

ಒಂದು ಭಾನುವಾರ ಮೂವರೂ ವಾಹಿದಾಳ ಮನೆಗೆ ಹೋದೆವು. ಅಪ್ಪ ಹೊಸ ರುಮಾಲು ಸುತ್ತಿ ಬಂದಿದ್ದ. ಆಕೆ ಚಹಾಕ್ಕೆ ಇಟ್ಟು, ಗಿಟಾರು ಇಳಿಸಿ, ಗವಸು ತೆಗೆದು, ಸೆರಗಿನಿಂದ ಒರೆಸಿದಳು. ಜೇನಿನ ಬಣ್ಣದ ಕಟ್ಟಿಗೆ, ಹೆಗಲಿಗೆ ಹಾಕಿಕೊಳ್ಳಲು ಚರ್ಮದ ಪಟ್ಟಿ. ಇವರು ಎರಡೂ ಕೈ ಮುಂದೆ ಚಾಚಿದರು. ಅಷ್ಟರಲ್ಲಿ ಅಪ್ಪ ನಡುವೆ ಬಂದು ಅದನ್ನು ತಾನು ಇಸಿದುಕೊಂಡ.

ದನ ಕೊಳ್ಳುವವರು ಮೊದಲು ಹೆಸರಿಡಬೇಕು. ಕಾಲು ಸರಿ ಇಲ್ಲ, ವಯಸ್ಸಾಗಿದೆ, ಉಣ್ಣುವುದು ಹೆಚ್ಚು ಎಂದು ಹತ್ತು ಕೊರತೆ ಹೇಳಿದರೆ ಬೆಲೆ ಇಳಿಯುತ್ತದೆ. ಅಪ್ಪ ಅದನ್ನೇ ಶುರು ಮಾಡಿದ. ಬೆರಳಿನಿಂದ ಕುಟ್ಟಿ, "ಹೊಟ್ಟಿ ಬರೇ ಡೊಳ್ಳು" ಅಂದ. ಒಂದು ಕಣ್ಣು ಮುಚ್ಚಿ ನೋಡಿ, "ಕುತ್ತಿಗಿ ಸೊಟ್ಟ ಅದ" ಅಂದ. "ಯಪ್ಪಾ, ಸಾಕು" ಎಂದು ನಾನು ಅವನ ಅಂಗಿ ಜಗ್ಗಿದೆ. ಅವನ ಬಾಯಿ ಆಗಲೇ ಸಂತೆಯಲ್ಲಿತ್ತು. ಗಿಟಾರಿನ ಎದೆಯ ಮೇಲೆ, ತೂತಿನ ಪಕ್ಕದಲ್ಲಿ, ಕಟ್ಟಿಗೆಯ ಗೆರೆಗಳು ಸಣ್ಣಗೆ ಸುತ್ತಿಕೊಂಡ ಜಾಗವೊಂದಿತ್ತು. ಎತ್ತಿನ ಮೈಮೇಲೆ ಕೂದಲು ಹಾಗೆ ಸುತ್ತಿಕೊಂಡಿದ್ದರೆ ಅದಕ್ಕೆ ಸುಳಿ ಎನ್ನುತ್ತಾರೆ. ಅದು ಎಲ್ಲಿದೆ ಎಂಬುದರ ಮೇಲೆ ಒಳಿತು ಕೆಡುಕು ಹೇಳುತ್ತಾರೆ.

"ಏ, ಇಲ್ನೋಡು! ಎದಿ ಮ್ಯಾಲೆ ಸುಳಿ ಅದ. ಇಂಥಾದ್ದು ಯಜಮಾನನ್ನ ಉಳಸಂಗಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅಪ್ಪನಿಗೇ ತಿಳಿಯಿತು. ಅವನ ಕೈ ಅಲ್ಲೇ ನಿಂತಿತು. ಒಳಗೆ ಚಹಾ ಕುದಿಯುವ ಸದ್ದು ಕೇಳುತ್ತಿತ್ತು.

"ಹೌದ್ರಿ," ಅಂದಳು ವಾಹಿದಾ. "ಉಳಿಲಿಲ್ಲ."

ಅಪ್ಪನ ಕೈಯಿಂದ ಗಿಟಾರು ತೆಗೆದುಕೊಂಡು, ಗವಸು ಹಾಕಿ, ಗುಂಡಿ ಒಂದೊಂದಾಗಿ ಹಚ್ಚಿದಳು. "ಮಾರಂಗಿಲ್ರಿ ಇದನ್ನ. ಚಾ ಆಗ್ಯದ, ಕುಡದು ಹೋಗ್ರಿ." ಚಹಾ ಕುಡಿದು ಎದ್ದೆವು. ಇವರು ಆ ಗಿಟಾರನ್ನು ಮುಟ್ಟಿಯೂ ಇರಲಿಲ್ಲ.

ಬೀದಿಗೆ ಬಂದವಳೇ ನಾನು ಹರಿಹಾಯ್ದೆ. "ಗಂಡನ್ನ ಕಳಕೊಂಡಾಕಿ ಮುಂದ ಅಂಥಾ ಮಾತು ಆಡ್ತಿ! ನಿನ್ನ ಬಾಯಿಗಿ ಕಡಿವಾಣ ಇಲ್ಲೇನು? ಹನ್ನೊಂದು ವರ್ಷ ಕಾದಾರ ಇವ್ರು, ಹನ್ನೊಂದು ವರ್ಷ!" ಅಪ್ಪ ತಲೆ ಎತ್ತಲಿಲ್ಲ. "ಬಾಯಿ ರೂಢಿ ಯವ್ವಾ," ಅಂದ ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ನಿಂತಿತ್ತು. ಹೇಳದೆ ಕೇಳದೆ ಅದನ್ನು ಹತ್ತಿ ಕೂತ. ನಮ್ಮ ಬಸ್ಸು ಕಲ್ಲೂರು ದಾಟುವವರೆಗೆ ನಾನು ಅಳುತ್ತಿದ್ದೆ, ಇವರು ನನಗೆ ಸಮಾಧಾನ ಹೇಳುತ್ತಿದ್ದರು. ಅಳಬೇಕಾದವರು ಅವರು. "ಮಾವಾನ ಮ್ಯಾಲೆ ಸಿಟ್ಟಾಗಬ್ಯಾಡ" ಎಂದು ಮೂರು ಸಲ ಅಂದರು.

ಮರುದಿನ ಸಂಜೆ ಇವರು ಹಲಗೆ ಹಿಡಿಯಲಿಲ್ಲ. ಅದರ ಮರುದಿನವೂ ಇಲ್ಲ. ಚಹಾ ಕುಡಿದು ಪೇಪರು ಹಿಡಿದು ಕೂರತೊಡಗಿದರು. ಹೀಗೇ ಮೂರು ವಾರ ಕಳೆದವು. ನನಗೆ ಅಪ್ಪನ ಮೇಲಿನ ಸಿಟ್ಟು ಇಳಿಯಲಿಲ್ಲ. ದೇವದುರ್ಗಕ್ಕೆ ಹೋಗಲೂ ಇಲ್ಲ, ಕಾಗದ ಬರೆಯಲೂ ಇಲ್ಲ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಅಪ್ಪನೇ ಬಂದು ಬಾಗಿಲಲ್ಲಿ ನಿಂತ. ಗಡ್ಡ ಬೆಳೆದಿತ್ತು, ಮುಖ ಇಳಿದಿತ್ತು.

"ಎರಡು ಸಂತಿ ಬಿಟ್ಟೀನಿ," ಅಂದ. "ನಡೀರಿ, ರಾಯಚೂರಿಗಿ ಹೋಗೂಣು."

"ಯಾಕ, ಇನ್ನೂ ಹೆಸರಿಡೋದು ಉಳದದೇನು?"

"ಗಿಟಾರಿನ ಮಾತು ಆಮ್ಯಾಲೆ. ಆ ಹೆಣ್ಮಗಳ ಮನ್ಯಾಗ ನನ್ನ ಮಾತೊಂದು ಬಿಟ್ಟು ಬಂದೀನಿ. ಅದನ್ನ ತಿರುಗಿ ತಕ್ಕೊಂಡು ಬರಬೇಕು. ನಾ ಒಬ್ಬವ ಹೋದ್ರ ಬಾಗ್ಲಾ ತೆರಿಯಂಗಿಲ್ಲ ಆಕಿ."

ನಾನು ಬಯ್ಯಲು ಬಾಯಿ ತೆರೆದವಳು ಹಾಗೇ ಮುಚ್ಚಿ ಸೀರೆ ಉಟ್ಟುಕೊಂಡೆ.

ವಾಹಿದಾ ಬಾಗಿಲು ತೆರೆದು, ಒಳಗೆ ಬರ್ರಿ ಅಂದಳು. ಕುರ್ಚಿ ಹಾಕಿದರೆ ಅಪ್ಪ ನೆಲದ ಮೇಲೆ ಕೂತ. ಗೋಡೆಯ ಮೇಲೆ ಗಿಟಾರು ಇರಲಿಲ್ಲ. ನಾವು ಅತ್ತ ನೋಡಿದ್ದು ಕಂಡು, "ಟ್ರಂಕಿನ್ಯಾಗ ಇಟ್ಟೀನ್ರಿ, ಎದುರಿಗಿದ್ರ ನೋಡಾಕ ಆಗವಲ್ದು," ಅಂದಳು. ಅಪ್ಪ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು.

"ಹಿರೇರ, ಒಂದು ಕೇಳ್ತೀನಿ, ಖರೇ ಹೇಳ್ರಿ. ಆ ಸುಳಿ ಸಲುವಾಗೇ ನಮ್ಮವರು ಹೋದ್ರೇನ್ರಿ? ಅದನ್ನ ತಗೊಳ್ರಿ ಅಂತ ಹಟ ಮಾಡಿದಾಕಿ ನಾನು. ಅವ್ರು ಬ್ಯಾಡ ಅಂದ್ರು. ನನ್ನ ಬಂಗಾರದ ಬಳಿ ಮಾರಿ ನಾನೇ ಕೊಡಸಿದ್ದೆ."

ನನಗೆ ದಿಗಿಲಾಯಿತು. ಯಾಕೆಂದರೆ ಅಪ್ಪ ಸುಳಿಯನ್ನು ಬರೀ ಬೆಲೆ ಇಳಿಸಲು ಹೇಳುವವನಲ್ಲ, ನಂಬಿದವನು. ಹಿರೇಕೊಟ್ನೆಕಲ್ಲಿನ ಒಳ್ಳೆಯ ಹೋರಿಯೊಂದಕ್ಕೆ ಎದೆಸುಳಿ ಇದೆ ಎಂದು, ಕೈಗೆ ಬಂದ ದಲ್ಲಾಳಿಯ ದುಡ್ಡು ಬಿಟ್ಟು ಎದ್ದು ಬಂದವನು. ನನ್ನ ಮದುವೆಗೆ ಮುಂಚೆ, ತಲೆ ಬಾಚಿಕೊಳ್ಳುತ್ತಿದ್ದ ಇವರ ಹಿಂದೆ ಹೋಗಿ ನಿಂತು, ತಲೆಯ ಸುಳಿ ಒಂದೇ ಇದೆಯೋ ಎರಡಿವೆಯೋ ಎಂದು ಎಣಿಸಿ ಬಂದವನು. ಸುಳಿ ಅವನ ಮಟ್ಟಿಗೆ ದೇವರಷ್ಟೇ ಖರೆ. ಈಗ ಏನು ಹೇಳುತ್ತಾನೋ ಎಂದು ನಾನು ಅವನ ಬಾಯಿ ನೋಡಿದೆ.

"ಸುಳ್ಳು ಯವ್ವಾ," ಅಂದ ಅಪ್ಪ. "ಸಂತ್ಯಾಗ ಬೆಲಿ ಇಳಸಾಕ ನಾವು ಹೇಳೋ ಸುಳ್ಳು ಅದು. ಯಾವ ದನ ಮನಸ್ಸಿಗಿ ಹಿಡೀತದೋ ಅದಕ್ಕ ಹೆಚ್ಚು ಹೆಸರಿಡ್ತೀವಿ. ನಿನ್ನ ಮನಿ ವಸ್ತುವಿಗಿ ಅಷ್ಟು ಹೆಸರಿಟ್ಟೆ ಅಂದ್ರ, ಎಷ್ಟು ಮನಸ್ಸಿಗಿ ಬಂದಿತ್ತು ನೋಡು. ಕಟ್ಟಿಗಿಗಿ ಎಲ್ಲಿ ಸುಳಿ? ಗಂಟು ಅದು."

ವಾಹಿದಾ ತಲೆ ಎತ್ತಲಿಲ್ಲ. ಸಮಾಧಾನಕ್ಕೆ ಆಡುವ ಮಾತು ಎಂದು ಆಕೆಗೆ ಅನಿಸಿರಬೇಕು. ಅಪ್ಪ ಸ್ವಲ್ಪ ಮುಂದಕ್ಕೆ ಸರಿದು ಕೂತ.

"ನನಗ ಇರಾಕಿ ಒಬ್ಬಾಕೇ ಮಗಳು. ಇವ ಒಬ್ಬ ಅಳಿಯ. ಸುಳಿ ಖರೇ ಇದ್ದಿದ್ರ, ಅದನ್ನ ಇವನ ಕೈಯಾಗ ಕೊಡು ಅಂತ ಕೇಳಾಕ ಬರ್ತಿದ್ನೇನವ್ವಾ?"

ಆಗ ಆಕೆ ಅತ್ತಳು. ನಾಲ್ಕು ವರ್ಷದ್ದನ್ನೆಲ್ಲ ಒಮ್ಮೆಲೇ ಅತ್ತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಆಮೇಲೆ ಮುಖ ತೊಳೆದು ಬಂದು ಟ್ರಂಕು ತೆರೆದು ಗಿಟಾರು ತೆಗೆದಳು. ಈ ಸಲ ಅಪ್ಪನ ಕಡೆ ನೋಡದೆ ನೇರವಾಗಿ ಇವರ ಕೈಗೆ ಕೊಟ್ಟಳು.

"ನುಡಸ್ರಿ."

ಇವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮೀಟಿದರು. ತಂತಿಗಳಿಗೆ ತುಕ್ಕು ಹಿಡಿದಿತ್ತು, ಶ್ರುತಿ ಎಲ್ಲೋ ಹೋಗಿತ್ತು. ಬೆರಳು ಜಾಗ ಬಲ್ಲವು, ಆದರೆ ತಂತಿ ಚುಚ್ಚುತ್ತದೆ ಎಂದು ಅವುಗಳಿಗೆ ಯಾರೂ ಹೇಳಿರಲಿಲ್ಲ. ಬಂದದ್ದು ಡಬ್ಬ ಬಡಿದಂಥ ಸದ್ದು. ಇವರ ಮುಖ ಮಾತ್ರ ಹಬ್ಬದ ದಿನದ ಮಗುವಿನ ಮುಖದ ಹಾಗಾಯಿತು. ವಾಹಿದಾ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ನಮ್ಮವರೂ ಮೊದಮೊದಲು ಹಿಂಗೇ ಮಾಡ್ತಿದ್ರು. ಓಣಿ ಮಂದಿ ಬಯ್ಯಾಕ ಬಂದಿದ್ರು."

ಅಪ್ಪ ಬೆಲೆಯ ಮಾತೇ ಎತ್ತಲಿಲ್ಲ. ಆಕೆ ಹೇಳಿದ ಮುನ್ನೂರನ್ನು ಇವರ ಕೈಯಿಂದ ಇಸಿದುಕೊಂಡು ಎರಡೂ ಕೈಯಲ್ಲಿ ಕೊಟ್ಟ. ಚೌಕಾಸಿ ಮಾಡದೆ ಅವನು ಮಾಡಿಸಿದ ಮೊದಲ ವ್ಯಾಪಾರ ಅದು. ನಾವು ಹೊರಡಲು ಎದ್ದಾಗ ಅವನು ಇವರನ್ನು ತಡೆದು, ಗಿಟಾರಿನ ಚರ್ಮದ ಪಟ್ಟಿ ತಾನೇ ಬಿಚ್ಚಿದ.

"ಮನ್ಯಾಗ ಸಾಕಿದ್ದನ್ನ ಕೊಡುವಾಗ ಹಗ್ಗ ಕೊಡಬಾರದು ಯವ್ವಾ. ಹಗ್ಗ ಕೊಟ್ಟೋರ ಮನ್ಯಾಗೇ ಇರಬೇಕು. ಹಿಡಿ."

ಆ ಪಟ್ಟಿ ಹೆಗಲು ತಾಗುವ ಜಾಗದಲ್ಲಿ ಬೆವರಿಗೆ ಕಪ್ಪಾಗಿ ಮೆತ್ತಗಾಗಿತ್ತು. ವಾಹಿದಾ ಅದನ್ನು ತೆಗೆದುಕೊಂಡು ಆ ಜಾಗವನ್ನೇ ಹೆಬ್ಬೆರಳಿನಿಂದ ಸವರಿದಳು. ಅಪ್ಪ ತನ್ನ ಚೀಲದಿಂದ ಎತ್ತಿಗೆ ಕಟ್ಟುವಂಥ ಹೊಸ ನೂಲಿನ ಹಗ್ಗ ತೆಗೆದ. ಎರಡು ಸಂತೆ ಬಿಟ್ಟು ಮನೆಯಲ್ಲಿ ಕೂತು ಹೊಸೆದದ್ದಂತೆ. ಅದನ್ನೇ ಗಿಟಾರಿಗೆ ಕಟ್ಟಿ ಅಳಿಯನ ಹೆಗಲಿಗೆ ಹಾಕಿದ.

ಮಾನ್ವಿಯ ಬಸ್ಸಿನಲ್ಲಿ ಜನ ಎತ್ತಿನ ಹಗ್ಗದ ಗಿಟಾರು ನೋಡಿ ನಗುತ್ತಿದ್ದರು. ಇವರಿಗೆ ಯಾವುದರ ಪರಿವೆಯೂ ಇರಲಿಲ್ಲ, ಕಿಟಕಿಯ ಪಕ್ಕ ಅದನ್ನು ತಬ್ಬಿಕೊಂಡು ಕೂತಿದ್ದರು. ಅಪ್ಪನೂ ನಮ್ಮ ಜೊತೆಗೇ ಬಂದ. ನಾನು ಅವನ ಪಕ್ಕ ಕೂತು, ಇವರಿಗೆ ಕೇಳಿಸದ ಹಾಗೆ ಕೇಳಿದೆ.

"ಯಪ್ಪಾ, ನನ್ನ ಮುಂದಾದ್ರೂ ಖರೇ ಹೇಳು. ಸುಳಿ ಸುಳ್ಳೇನು?"

ಅಪ್ಪ ಅಳಿಯನ ಕಡೆಗೊಮ್ಮೆ ನೋಡಿದ. ಆಮೇಲೆ ನನ್ನ ಕೈ ಹಿಡಿದುಕೊಂಡ. ಅವನ ಅಂಗೈ ಬೆವೆತಿತ್ತು.

"ಇವತ್ತಿಂದ ಸುಳ್ಳು," ಅಂದ.

ಮುಂದಿನ ಸಂತೆಯಿಂದ ಅಪ್ಪ ದನದ ಹಲ್ಲು ನೋಡಿದ, ಕಾಲು ನೋಡಿದ, ಸುಳಿ ಮಾತ್ರ ನೋಡಲಿಲ್ಲ. ಯಾರಾದರೂ ತೋರಿಸಿ ಕೇಳಿದರೆ, ಅದೇನೂ ಅಲ್ಲ ಬಿಡು ಎನ್ನುತ್ತಿದ್ದನಂತೆ. ಮೂಕಪ್ಪನ ಕಣ್ಣು ಮಂಜಾಗಿವೆ ಎಂದು ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಬೇರೆ ದಲ್ಲಾಳಿ ಹಿಡಿದರು. ಅಪ್ಪ ಯಾರಿಗೂ ಏನೂ ಅನ್ನಲಿಲ್ಲ. ಸಂತೆ ಮುಗಿಸಿ ಬೇಗ ಹೊರಟು, ಮಾನ್ವಿಯ ಬಸ್ಸು ಹತ್ತಿ ಬಂದು, ಅಳಿಯ ನುಡಿಸುವುದನ್ನು ಕೇಳುತ್ತ ಕೂರುತ್ತಿದ್ದ.