ತಾಳೆಗರಿಯಲ್ಲಿ ಇಲ್ಲದ ಶ್ಲೋಕ

ಹಿರಿಯಡ್ಕದ ಸುಘೋಷ ಮಾಷ್ಟ್ರಿಗೆ ಮಾತಿನಲ್ಲಿ ಸೋತು ಗೊತ್ತಿರಲಿಲ್ಲ. ವಾರವಿಡೀ ಶಾಲೆಯಲ್ಲಿ ಸಂಸ್ಕೃತ ಪಾಠ, ರಜೆ ಬಂದರೆ ತಾಳಮದ್ದಳೆಯಲ್ಲಿ ಅರ್ಥ ಹೇಳುವುದು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಬಲೆ ಬೀಸಿ ಎದುರಿನವನನ್ನು ಕೆಡಹುವ ಆಟ ಅದು. ಅಲ್ಲಿ ತಡವರಿಸಿದವ ಸೋತ ಹಾಗೆ.

ಅವರಿಗೆ ‘ಏಳು ಕಡವು’ ಎಂಬ ಕಾದಂಬರಿ ಮಾಲೆಯ ಹುಚ್ಚು ಹಿಡಿಸಿದವಳು ಹಳೆಯ ಶಿಷ್ಯೆ ಸಮೀಕ್ಷಾ. ಈಗ ಮಣಿಪಾಲದಲ್ಲಿ ಓದುತ್ತಿದ್ದಾಳೆ. ಮಾತಾಡುವ ಮೀನು, ತಳವಿಲ್ಲದ ಹೊಳೆ, ದೋಣಿ ದಾಟಿಸುವ ಏಳು ಕಡವು, ಶಾಪ, ಮಾಯೆ ಎಲ್ಲ ತುಂಬಿದ ನಾಲ್ಕು ಸಂಪುಟ. ಬರೆದವರು ಯಾರೆಂದು ಯಾರಿಗೂ ತಿಳಿಯದು. ಪುಟಪುಟದಲ್ಲೂ ಹಳೆಯ ಕಥೆಗಳ ಎಳೆ ಅಡಗಿಸಿಟ್ಟಿದ್ದಾರೆ ಎಂಬುದಷ್ಟೇ ಗೊತ್ತು. ಆ ಎಳೆ ಹುಡುಕುವುದಕ್ಕೆಂದೇ ಬನ್ನಂಜೆಯ ಒಂದು ಮಹಡಿಯಲ್ಲಿ ಓದುಗರು ತಿಂಗಳಿಗೊಮ್ಮೆ ಸೇರುತ್ತಿದ್ದರು.

ಮಾರ್ಚಿ ತಿಂಗಳ ಕೂಟದಲ್ಲಿ ಎದ್ದ ಪ್ರಶ್ನೆ ಒಂದೇ: ಕಥೆಯಲ್ಲಿ ಬರುವ ಮೂಕ ಅಂಬಿಗ ಯಾರು? ಅವನು ವರುಣನ ಸೇವಕ ಎಂದು ಮಾಷ್ಟ್ರು ಮೂರು ತಿಂಗಳಿಂದ ಸಾಧಿಸುತ್ತ ಬಂದಿದ್ದರು. ಅಂದು ಶಿರ್ವದ ರೋನಿ ಎದ್ದು ನಿಂತ. ಹದಿನಾಲ್ಕು ವರ್ಷ ಕುವೈತಿನಲ್ಲಿ ಟ್ಯಾಕ್ಸಿ ಓಡಿಸಿ ಊರಿಗೆ ಮರಳಿದವನು. ಕೈಯಲ್ಲಿ ಚೀಟಿಗಳಿದ್ದವು.

“ಮೊದಲ ಸಂಪುಟದಲ್ಲಿ ಅಂಬಿಗ ಒಂದು ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುತ್ತಾನೆ, ಭಾರ ಇಲ್ಲ. ಎರಡರಲ್ಲಿ ಅದೇ ಮಗು, ಬೆನ್ನು ಬಾಗುತ್ತದೆ. ಮೂರರಲ್ಲಿ ಮೊಣಕಾಲು ನಡುಗುತ್ತದೆ. ನಾಲ್ಕರಲ್ಲಿ ಲೋಕವನ್ನೇ ಹೊತ್ತ ಹಾಗಾಯಿತು ಅಂತ ಉಂಟು. ಇದು ನಮ್ಮ ಸಂತ ಕ್ರಿಸ್ಟೋಫರನ ಕಥೆ ಮಾರಾಯ್ರೇ! ಜನರನ್ನು ಹೊತ್ತು ಹೊಳೆ ದಾಟಿಸುತ್ತಿದ್ದ ಅವನ ಹೆಗಲ ಮೇಲೆ ಒಮ್ಮೆ ಕೂತದ್ದು ಬಾಲಯೇಸು. ನಮಗೆ ಡ್ರೈವರುಗಳಿಗೆ ಅವನೇ ಕಾವಲು.”

ರೋನಿ ಹೇಳಿದ್ದು ಸರಿ ಎಂದು ಮೊದಲು ಹೊಳೆದದ್ದು ಮಾಷ್ಟ್ರಿಗೇ. ಎಲ್ಲರ ಕಣ್ಣೂ ತಮ್ಮ ಮೇಲಿದೆ ಎಂದು ಹೊಳೆದದ್ದು ಅದರ ಬೆನ್ನಿಗೆ.

“ಕಥೆ ಚಂದ ಉಂಟು ರೋನಿಯವರೇ,” ಎಂದರು. “ಆದರೆ ಹೊಳೆ ಯಾರದ್ದು? ಯಜಮಾನನನ್ನು ಕೇಳದೆ ಆಳಿನ ಹೆಸರು ಹೇಳುವುದುಂಟಾ?”

ಜನ ನಕ್ಕರು. ಆ ನಗುವಿನ ಬಿಸಿಯಲ್ಲೇ ಮಾಷ್ಟ್ರು ಕಣ್ಣು ಮುಚ್ಚಿ, ರಾಗವೆತ್ತಿ ಹೇಳಿದರು:

“ವರುಣಸ್ಯಾಜ್ಞಯಾ ಮೂಕೋ ನಾವಿಕಸ್ತಾರಯೇಜ್ಜನಾನ್. ವರುಣನ ಅಪ್ಪಣೆಯಂತೆ ಮೂಕ ಅಂಬಿಗನು ಜನರನ್ನು ದಾಟಿಸುವನು. ಕಾರ್ಕಳದಲ್ಲಿ ನಮ್ಮ ಗುರುಗಳ ಮನೆಯ ತಾಳೆಗರಿಯಲ್ಲಿ ಉಂಟು. ಇನ್ನೂ ಅಚ್ಚಾಗಿಲ್ಲ.”

ಆ ಸಾಲು ಅವರ ನಾಲಿಗೆಯ ಮೇಲೆ ಹುಟ್ಟಿ ಒಂದು ಉಸಿರಿನಷ್ಟೂ ಹೊತ್ತಾಗಿರಲಿಲ್ಲ. ಚಪ್ಪಾಳೆ ಬಿತ್ತು. ಸಮೀಕ್ಷಾ ಫೋನಿನಲ್ಲಿ ಧ್ವನಿ ಹಿಡಿದುಕೊಂಡಳು. ರೋನಿ ಚೀಟಿಗಳನ್ನು ಒಟ್ಟುಮಾಡಿ, “ಸಂಸ್ಕೃತದ ಎದುರು ನಾವೆಂತ ಹೇಳುವುದು” ಎಂದು ಕೂತ. ಮುಂದಿನ ತಿಂಗಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಸಮೀಕ್ಷಾ ಫೋನು ಮಾಡಿದಳು. “ಸರ್, ಕಾಪುವಿನಲ್ಲಿ ನಮ್ಮ ಅಜ್ಜಿಗೆ ನಿಮ್ಮನ್ನು ಒಮ್ಮೆ ನೋಡಬೇಕಂತೆ. ನಿಮ್ಮ ಶ್ಲೋಕದ ವಿಷಯ.”

ವನಜಾಕ್ಷಿ ಅಜ್ಜಿ ಮೀನು ಮಾರಿ ಮಕ್ಕಳನ್ನು ಸಾಕಿದವರು. ಮಗ ತಾರಾನಾಥ ಬೋಟಿನಲ್ಲಿ ಆಳಕಡಲಿಗೆ ಹೋದರೆ ಹತ್ತು ದಿನ ಮುಖವಿಲ್ಲ. ಅಜ್ಜಿ ಮಾಷ್ಟ್ರನ್ನು ಮಣೆಯ ಮೇಲೆ ಕೂರಿಸಿದರು. ಎದುರಿಗೆ ಹರಿವಾಣದಲ್ಲಿ ವೀಳ್ಯದೆಲೆ, ಸುಲಿದ ತೆಂಗಿನಕಾಯಿ. ದೇವರ ದೀಪದ ಪಕ್ಕದಲ್ಲಿ, ಸಮೀಕ್ಷಾಳ ಅಕ್ಷರದಲ್ಲಿ, ಆ ಸಾಲು.

“ಮೀನು ಕೂಗಿ ಮಾರಿದ ಬಾಯಿ ಮಾಷ್ಟ್ರೇ, ಅಕ್ಷರ ತಪ್ಪಿದರೆ ಬೈಯಬೇಡಿ,” ಎಂದು ಅಜ್ಜಿ ಕಣ್ಣು ಮುಚ್ಚಿ ಹೇಳಿದರು. ಒಂದಕ್ಷರ ತಪ್ಪಲಿಲ್ಲ. ರಾಗ ಮಾಷ್ಟ್ರದ್ದೇ.

“ಮಗ ಕಡಲಿಗಿಳಿದ ಮೇಲೆ ದಿನಾ ನೂರೆಂಟು ಸಲ ಹೇಳಿಯೇ ನಾನು ಗಂಜಿ ಕುಡಿಯುವುದು. ಮೊನ್ನೆ ಗಾಳಿಗೆ ಸಿಕ್ಕಿ ಬೋಟಿನ ಇಂಜಿನು ನಿಂತಿತು. ಆದರೂ ದಡ ಸೇರಿದ. ಮೂಕನೇ ಬಂದದ್ದು, ಬೇರೆ ಯಾರು? ಆದರೆ ಭಟ್ಟರು ಹೇಳಿದರು, ಇದು ಅರ್ಧ ಶ್ಲೋಕ ಅಂತೆ. ದೇವರನ್ನು ಅರ್ಧ ಕರೆಯಬಾರದಲ್ವಾ? ಉಳಿದ ಅರ್ಧ ಕೊಡಿ.”

ಉಳಿದ ಅರ್ಧ ಆಗಲೇ ನಾಲಿಗೆಯ ತುದಿಗೆ ಬಂದಿತ್ತು, ಛಂದಸ್ಸು ಸಮೇತ. ಹಾಗೆ ಬಂದದ್ದೇ ಅವರನ್ನು ಬೆವರಿಸಿತು. ಕಾರ್ಕಳದ ಗುರುಗಳು ಬದುಕಿದ್ದಾಗ ಕೈಕಾಲು ತೊಳೆಯದೆ ತಾಳೆಗರಿ ಮುಟ್ಟಿದವರಲ್ಲ.

“ಅಮ್ಮಾ,” ಎಂದರು, ತಲೆಯೆತ್ತದೆ. “ಉಳಿದರ್ಧ ಇಲ್ಲ. ಈ ಅರ್ಧವೂ ಇಲ್ಲ. ನಾನು ಕಟ್ಟಿದ್ದು.”

ಸಮೀಕ್ಷಾ, “ಸರ್!” ಎಂದಳು. ಅಜ್ಜಿ ಅವಳ ಕೈ ಒತ್ತಿ ಸುಮ್ಮನಾಗಿಸಿದರು.

“ಯಾಕೆ ಕಟ್ಟಿದಿರಿ?”

“ಗೆಲ್ಲಲಿಕ್ಕೆ.”

“ಯಾರನ್ನು?”

ಮಾಷ್ಟ್ರು ರೋನಿಯ ವಿಷಯ ಹೇಳಿದರು. ಅವನ ಕಥೆ, ಚೀಟಿಗಳು, ಕೂಟದ ನಗು, ಒಂದನ್ನೂ ಬಿಡಲಿಲ್ಲ. ಅಜ್ಜಿ ಸಿಟ್ಟಾಗಿದ್ದರೆ ಹಗುರವಾಗುತ್ತಿತ್ತೇನೋ. ಅವರು ದೀಪದ ಪಕ್ಕದ ಆ ಸಾಲನ್ನು ಒಮ್ಮೆ ನೋಡಿ, ಮಾಷ್ಟ್ರ ಕಡೆ ತಿರುಗಿದರು.

“ನನ್ನ ಮಗನ ಬೋಟನ್ನು ಹಗ್ಗ ಕಟ್ಟಿ ಎಳೆದು ತಂದದ್ದು ಉದ್ಯಾವರದ ಅಲೆಕ್ಸಾಂಡರ್, ಗೊತ್ತುಂಟಾ? ಅವನ ಬಲೆಯೇ ಹೋಯಿತಂತೆ ಆ ಗಲಾಟೆಯಲ್ಲಿ. ಅವನಿಗೆ ನಾನು ಒಂದು ಮಾತು ಹೇಳಲಿಲ್ಲ ಮಾಷ್ಟ್ರೇ. ಎಲ್ಲ ಮೂಕನಿಗೆ ಹೇಳಿ ಮುಗಿಸಿದೆ.”

ಅಜ್ಜಿ ಎದ್ದು, ಅವರೆದುರಿನ ಹರಿವಾಣವನ್ನು ಕೈಗೆತ್ತಿಕೊಂಡರು. “ಇದು ನಿಮಗೆ ಅಂತ ಇಟ್ಟದ್ದು. ಈಗ ಕೊಡಲಿಕ್ಕೆ ಮನಸ್ಸು ಬರುವುದಿಲ್ಲ, ಬೇಸರಿಸಬೇಡಿ. ಸಮೀಕ್ಷಾ, ಹೊರಡು, ಉದ್ಯಾವರಕ್ಕೆ ಹೋಗಿ ಬರುವ.” ಬಾಗಿಲಲ್ಲಿ ತಿರುಗಿ ಕೇಳಿದರು: “ಆ ರೋನಿಗೆ ಹೇಳಿದಿರಾ?”

ಮಾಷ್ಟ್ರು ಇಲ್ಲವೆಂದು ತಲೆಯಾಡಿಸಿ ಎದ್ದರು.

ಬಸ್ ಸ್ಟ್ಯಾಂಡಿನಿಂದಲೇ ಫೋನು ಮಾಡಿದರು. ಎಲ್ಲ ಕೇಳಿದ ರೋನಿ, “ಫೋನಿನಲ್ಲಿ ಎಂತಕ್ಕೆ ಮಾಷ್ಟ್ರೇ? ನೀವು ಅಲ್ಲಿ ಎಲ್ಲರೆದುರು ಅಲ್ವಾ ಹೇಳಿದ್ದು?” ಎಂದ.

ಮುಂದಿನ ಕೂಟಕ್ಕೆ ಅವನು ಬಂದ. ಹಿಂದಿನ ಸಾಲಿನಲ್ಲಿ ಕೂತ. ಮಾಷ್ಟ್ರು ಎದ್ದು ನಿಂತರು.

“ಆ ಶ್ಲೋಕ ಯಾವ ತಾಳೆಗರಿಯಲ್ಲೂ ಇಲ್ಲ. ಗೆಲ್ಲಲಿಕ್ಕೆ ನಾನು ಕಟ್ಟಿದ್ದು. ರೋನಿಯವರು ಹೇಳಿದ್ದೇ ಸರಿ.”

“ಓ, ಮಾಷ್ಟ್ರು ಅರ್ಥ ಹೇಳಲಿಕ್ಕೆ ಶುರುಮಾಡಿದರು!” ಎಂದು ಯಾರೋ ಕೂಗಿದರು. ಜನ ನಕ್ಕರು. “ಇನ್ನೀಗ ಅದನ್ನೇ ತಿರುಗಿಸಿ ಗೆಲ್ಲುತ್ತಾರೆ ನೋಡಿ.”

“ಅಲ್ಲ, ನಿಜವಾಗಿ...”

“ಎಂತ ವಿನಯ ಮಾರಾಯ್ರೇ!”

ಸಾವಿರ ಜನರೆದುರು ಒಮ್ಮೆಯೂ ತಡವರಿಸದ ನಾಲಿಗೆ ಅಂದು ತಡವರಿಸಿತು. ರಾಗವಿಲ್ಲದೆ, ಹೊಂದಿಕೆಯಿಲ್ಲದೆ, ಪಾಠ ಬಾರದ ಮಗುವಿನ ಹಾಗೆ ಅವರು ಮತ್ತೆ ಹೇಳಿದರು: “ಸುಳ್ಳು ಅದು. ನಾನು, ನಾನು ಸುಳ್ಳು ಹೇಳಿದ್ದು. ಗುರುಗಳ ಹೆಸರು ಹಿಡಿದು.”

ನಗು ಒಬ್ಬೊಬ್ಬರಲ್ಲೇ ಆರುತ್ತ ಬಂತು. ಹಿಂದಿನ ಸಾಲಿನಲ್ಲಿ ರೋನಿ ಅವರನ್ನು ನೋಡಲಾರದೆ ಮುಖ ತಗ್ಗಿಸಿದ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಮಾಷ್ಟ್ರು ನಿಂತೇ ಇದ್ದರು.